ಬಂದೂಕಿನ ಹಿಂದಿನ ಕಿರ್ದಿ

ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೂವರು ಪೊಲೀಸರ ಗುಂಡಿಗೆ ಬಲಿಯಾದರು. ಒಬ್ಬರು ಬ್ಯಾಡಗಿ ತಾಲ್ಲೂಕು ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಇನ್ನಿಬ್ಬರು ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ವರ್ಷಾವರ್ಷ ಆ ದಿನ ಹಾರ ಹಾಕುತ್ತೇವೆ, ಭಾಷಣ ಕೇಳುತ್ತೇವೆ. ಆದರೆ ಅವರು ಅಂದು ಹೊಸರಿತ್ತಿಗೆ ಹೋದದ್ದಾದರೂ ಯಾಕೆ ಎಂಬುದನ್ನು ಭಾಷಣಗಳು ಗಡಿಬಿಡಿಯಲ್ಲಿ ದಾಟಿಬಿಡುತ್ತವೆ. ಅವರು ಹೋದದ್ದು ಸರ್ಕಾರದ ಹಣಕ್ಕೆ. ಸುತ್ತಲಿನ ಹಳ್ಳಿಗಳಿಂದ ವಸೂಲಾದ ಭೂಕಂದಾಯವನ್ನು ಅಲ್ಲಿನ ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇರಿಸಲಾಗಿತ್ತು. ಆ ಗಂಟಿನ ಮೇಲೆ ಕೈಹಾಕಲು ಹೋದಾಗಲೇ ಗುಂಡು ಹಾರಿದ್ದು. ಮಹದೇವಪ್ಪನವರಿಗೆ ಆಗ 31 ವರ್ಷ.

ಕಂದಾಯದ ಗಂಟನ್ನೇ ಗುರಿ ಮಾಡಿಕೊಂಡದ್ದರ ಹಿಂದೆ ಲೆಕ್ಕಾಚಾರ ಇತ್ತು. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಆರಿಸಿ ಕರೆದೊಯ್ದ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಮಹದೇವಪ್ಪ ಒಬ್ಬರೇ. ಆಗಿನ್ನೂ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಉಪ್ಪಿನ ಸತ್ಯಾಗ್ರಹವೆಂದರೂ ಸರ್ಕಾರದ ಒಂದು ವರಮಾನಕ್ಕೆ ಕೈಹಾಕಿದ್ದೇ ಅಲ್ಲವೆ? ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ಮತ್ತು ನಮ್ಮ ಹಿರೇಕೆರೂರು ಸೀಮೆಯ ರೈತರು ಕರನಿರಾಕರಣೆಗೆ ಇಳಿದರು. ಕಂದಾಯ ಕಟ್ಟುವುದಿಲ್ಲ ಎಂದದ್ದಕ್ಕೆ ಹೊಲ ಹೋಯಿತು, ಮನೆಯ ಪಾತ್ರೆ ಪಡಗ, ದನಕರು ಲಿಲಾವಿಗೆ ಬಂದವು. ಲಿಲಾವಿನಲ್ಲಿ ಕೊಂಡವರ ಮನೆ ಮುಂದೆ ಸಿದ್ದಾಪುರದ ಕಡೆ ಹೆಂಗಸರು ಉಪವಾಸ ಕುಳಿತರು. ಮುಂದೆ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದಾಗ, ಹೀಗೆ ಕಳೆದುಹೋದ ಜಮೀನುಗಳನ್ನು ಹಿಂದಿರುಗಿಸಲೆಂದೇ 1938ರಲ್ಲಿ ಕಾಯ್ದೆ ಮಾಡಬೇಕಾಯಿತು. ದೊರೆತನ ನಿಂತಿರುವುದು ಬಂದೂಕಿನ ಮೇಲಲ್ಲ, ಬಂದೂಕು ಹಿಡಿದವನ ಸಂಬಳದ ಮೇಲೆ ಎಂಬುದನ್ನು ಈ ಸೀಮೆಯ ಒಕ್ಕಲಿಗರು ಯಾವ ಅರ್ಥಶಾಸ್ತ್ರವನ್ನೂ ಓದದೆ ತಿಳಿದಿದ್ದರು.

ಸರ್ಕಾರಕ್ಕೂ ಅದು ತಿಳಿದಿತ್ತು. ಕ್ವಿಟ್ ಇಂಡಿಯಾ ಚಳವಳಿ ಶುರುವಾದ 1942ರ ಆಗಸ್ಟ್‌ನಲ್ಲೇ ಸಾಮೂಹಿಕ ದಂಡದ ಸುಗ್ರೀವಾಜ್ಞೆ ಬಂತು. ಊರಿನಲ್ಲಿ ತಂತಿ ಕಡಿದರೆ, ಚಾವಡಿ ಸುಟ್ಟರೆ, ಯಾರು ಮಾಡಿದರೆಂದು ಹುಡುಕುವ ತೊಂದರೆ ಬೇಡ. ಊರಿಗೆ ಊರೇ ದಂಡ ಕಟ್ಟಬೇಕು. ಸರ್ಕಾರಕ್ಕೆ ನಿಷ್ಠರಾದವರಿಗೆ ಮಾತ್ರ ವಿನಾಯಿತಿ. ಜನ ಇದನ್ನು ಕರೆದದ್ದು ಪುಂಡುಗಂದಾಯ ಎಂದು. ದೇಶದಾದ್ಯಂತ ಹೀಗೆ ಹೇರಿದ ದಂಡ ಸುಮಾರು 90 ಲಕ್ಷ ರೂಪಾಯಿ ಎಂದು ಇತಿಹಾಸಕಾರರು ಲೆಕ್ಕ ಕೊಡುತ್ತಾರೆ. ಅದು ಆ ಕಾಲದ 90 ಲಕ್ಷ. ಇದರ ಹಿಂದಿದ್ದ ತರ್ಕ ಸರಳ. ಭೂಗತರಾದವರಿಗೆ ರೊಟ್ಟಿ ಕೊಡುವುದು ಊರು, ಹಾಸಿಗೆ ಹಾಸುವುದು ಊರು, ಪೊಲೀಸರು ಬಂದರೆ ‘ನೋಡಿಲ್ರೀ ಸಾಹೇಬ್ರ’ ಎನ್ನುವುದೂ ಊರು. ಊರಿನ ಜೇಬು ಹಿಂಡಿದರೆ ರೊಟ್ಟಿ ನಿಲ್ಲುತ್ತದೆ ಎಂದು ಅಧಿಕಾರಿಗಳು ಎಣಿಸಿದರು. ರೊಟ್ಟಿ ನಿಲ್ಲಲಿಲ್ಲ. ದಂಡ ಕಟ್ಟಿದವನ ಸಿಟ್ಟು ಭೂಗತನ ಮೇಲೆ ತಿರುಗುವ ಬದಲು ದಂಡ ಎತ್ತಿದವನ ಮೇಲೆ ತಿರುಗಿತು. ಹೊಸರಿತ್ತಿಯ ಘಟನೆ ನಡೆದದ್ದು ಆ ಸುಗ್ರೀವಾಜ್ಞೆ ಬಂದ ಎಂಟು ತಿಂಗಳೊಳಗೆ ಎಂಬುದನ್ನು ನೆನಪಿಡಬೇಕು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಿಬಿಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಮೈಲಾರ ಮಹದೇವಪ್ಪನವರನ್ನು ಇಂದಿನ ಭಯೋತ್ಪಾದಕರ ಸಾಲಿನಲ್ಲಿ ನಿಲ್ಲಿಸುವುದು ಮೂರ್ಖತನ. ಜೀವಹಾನಿ ಆಗಬಾರದು ಎಂಬುದು ಅವರ ತಂಡದ ಕಟ್ಟುನಿಟ್ಟಿನ ನಿಯಮವಾಗಿತ್ತು ಎಂದು ಜಿಲ್ಲೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುತ್ತ ಕುಳಿತವರ ಪಕ್ಕ ಬಾಂಬು ಇಟ್ಟು ಹೋಗುವವನಿಗೂ ಅವರಿಗೂ ಯಾವ ಹೋಲಿಕೆಯೂ ಇಲ್ಲ. ಈ ಹಳೆಯ ಕತೆಯನ್ನು ಎತ್ತಿದ್ದು ಬೇರೆ ಕಾರಣಕ್ಕೆ. ಯಾವುದೇ ಸಶಸ್ತ್ರ ಗುಂಪಿನ ದುಡ್ಡಿನ ದಾರಿ ಮುಚ್ಚಲು ಹೊರಟ ಸರ್ಕಾರದ ಮುಂದೆ ಇರುವುದು ಎರಡೇ ಹಾದಿ. ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಒಂದೊಂದೇ ನಮೂದು ಹಿಡಿದು ಹೋಗುವುದು ಒಂದು. ಇಡೀ ಊರನ್ನು, ಇಡೀ ಸಮುದಾಯವನ್ನು, ಇಡೀ ಪೇಟೆಯನ್ನು ಹಿಂಡುವುದು ಇನ್ನೊಂದು. ಎರಡನೆಯದು ಸುಲಭ, ಬೇಗ ಆಗುತ್ತದೆ, ಪತ್ರಿಕೆಯಲ್ಲಿ ಸುದ್ದಿಯೂ ಆಗುತ್ತದೆ. ಕೆಲಸಕ್ಕೆ ಬರುವುದು ಮೊದಲನೆಯದೇ.

ಎಷ್ಟು ದುಡ್ಡು ಬೇಕು?

ಭಯೋತ್ಪಾದನೆಯ ದುಡ್ಡು ಎಂದ ಕೂಡಲೇ ಸಿನಿಮಾದಲ್ಲಿ ಕಂಡ ಸೂಟ್‌ಕೇಸು ಕಣ್ಣ ಮುಂದೆ ಬರುತ್ತದೆ. ನಿಜ ಹಾಗಿಲ್ಲ. ಜಗತ್ತನ್ನೇ ಅಲುಗಿಸಿದ 2001ರ ಸೆಪ್ಟೆಂಬರ್ 11ರ ದಾಳಿಗೆ ತಗುಲಿದ ಒಟ್ಟು ಖರ್ಚು 4ರಿಂದ 5 ಲಕ್ಷ ಡಾಲರ್ ಎಂದು ಅಮೆರಿಕದ ವಿಚಾರಣಾ ಆಯೋಗವೇ ಲೆಕ್ಕ ಹಾಕಿತು. ಅದೂ ದೊಡ್ಡ ಲೆಕ್ಕವೇ. ಇಬ್ಬರು ಮೂವರು ಸೇರಿ ಮಾಡುವ ಬಾಂಬಿಗೆ ಒಂದು ಹಳೆಯ ಬೈಕಿನ ಬೆಲೆಯಷ್ಟು ಸಾಕು.

ಹಾಗಾದರೆ ದುಡ್ಡಿನ ಬೆನ್ನು ಹತ್ತಿ ಏನು ಪ್ರಯೋಜನ ಎಂದು ಕೇಳಬಹುದು. ದಾಳಿ ಅಗ್ಗ, ಗುಂಪು ದುಬಾರಿ. ಅಡಗಿರುವವನಿಗೆ ಬಾಡಿಗೆ ಕೋಣೆ ಬೇಕು, ಬೇರೆಯವರ ಹೆಸರಿನ ಸಿಮ್ ಬೇಕು, ಊರೂರು ತಿರುಗಲು ಬಸ್ಸಿನ ಚಾರ್ಜು ಬೇಕು, ಜೈಲು ಸೇರಿದವನ ಹೆಂಡತಿ ಮಕ್ಕಳಿಗೆ ತಿಂಗಳ ದಿನಸಿ ಬೇಕು, ವಕೀಲರ ಫೀಸು ಬೇಕು. ಇದು ಪ್ರತಿ ತಿಂಗಳ ಖರ್ಚು, ವರ್ಷಗಟ್ಟಲೆ ನಡೆಯಬೇಕಾದದ್ದು. ತಪ್ಪದೆ ಬರುವ ದುಡ್ಡು ತಪ್ಪದೆ ಗುರುತು ಬಿಡುತ್ತದೆ. ತನಿಖೆಗೆ ಸಿಗುವುದು ಈ ಸಣ್ಣಪುಟ್ಟ ನಮೂದುಗಳೇ. ಬಾಂಬಿನ ರಸೀದಿ ಯಾರೂ ಇಟ್ಟುಕೊಂಡಿರುವುದಿಲ್ಲ.

ಮಲೆನಾಡಿನ ನಕ್ಸಲರ ವಿಷಯದಲ್ಲಿ ಇದು ಎದ್ದು ಕಂಡಿತು. ಛತ್ತೀಸಗಢದ ಕಡೆ ಮಾವೋವಾದಿಗಳಿಗೆ ಬೀಡಿ ಎಲೆ ಗುತ್ತಿಗೆದಾರರು, ರಸ್ತೆ ಕಂಟ್ರಾಕ್ಟರುಗಳು, ಗಣಿಯವರು ಕಪ್ಪ ಕಟ್ಟುವ ಏರ್ಪಾಡು ಇತ್ತು. ಪಶ್ಚಿಮ ಘಟ್ಟದಲ್ಲಿ ಅಂಥ ವಸೂಲಿಯ ಮೂಲವೇ ಇರಲಿಲ್ಲ. ಅವರು ನಿಂತದ್ದು ಕಾಡಂಚಿನ ಮನೆಗಳ ಅಕ್ಕಿ, ಬೇಳೆಯ ಮೇಲೆ. 2024ರ ನವೆಂಬರ್‌ನಲ್ಲಿ ಹೆಬ್ರಿ ಸಮೀಪದ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಗುಂಡಿಗೆ ಬಲಿಯಾದದ್ದು ದಿನಸಿ ಒಯ್ಯಲು ಬಂದಾಗ ಎಂದು ಪೊಲೀಸರು ಹೇಳಿದರು. ಅದಾಗಿ ಎರಡು ತಿಂಗಳೊಳಗೆ, 2025ರ ಜನವರಿ 8ರಂದು, ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಅವರ ಹಾದಿಯನ್ನು ಒಪ್ಪದವರೂ ಒಂದು ಮಾತು ಒಪ್ಪುತ್ತಾರೆ: ಮಲೆಕುಡಿಯರ, ಗೌಡಲುಗಳ ಮನೆಗಳಲ್ಲಿ ಅವರಿಗೆ ಮೊದಲಿನ ಹಾಗೆ ಬಾಗಿಲು ತೆರೆಯುತ್ತಿರಲಿಲ್ಲ.

ಪಟ್ಟಿ, ಕಿರ್ದಿ, ಹವಾಲಾ

ದುಡ್ಡು ಹೇಗೆ ಕೈ ದಾಟುತ್ತದೆ ಎಂದು ತಿಳಿಯಲು ಬ್ಯಾಡಗಿ ಮೆಣಸಿನಕಾಯಿ ಪೇಟೆಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಸೋಮವಾರ, ಗುರುವಾರ ಟೆಂಡರು. ಸುಗ್ಗಿಯಲ್ಲಿ ಊರಿನೊಳಗೆ ಕಾಲಿಟ್ಟ ಕೂಡಲೇ ಗಂಟಲಿಗೆ ಘಾಟು ಹತ್ತುತ್ತದೆ. ಊರವರಿಗೆ ಮಾತ್ರ ಕೆಮ್ಮಿಲ್ಲ. ದಲಾಲಿ ಅಂಗಡಿಗಳ ಮುಂದೆ ಚೀಲ ಬಿಚ್ಚಿ ಲಾಟು ಹಚ್ಚಿರುತ್ತಾರೆ. ಖರೀದಿದಾರರು ಕಾಯಿ ಮುರಿದು, ಬೆರಳಿಗೆ ಹತ್ತಿದ ಬಣ್ಣ ನೋಡಿ, ಡಬ್ಬಿಯೋ ಕಡ್ಡಿಯೋ ಎಂದು ತೂಗಿ ದರ ಹಾಕುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಬೆಲೆ. ಟೆಂಡರು ಗೆದ್ದವರ ಹೆಸರು ಹೊರಬಿದ್ದ ಮೇಲೆ ತೂಕ, ಆಮೇಲೆ ರೈತನ ಕೈಗೆ ಪಟ್ಟಿ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಬಿತ್ತುವಾಗ ಒಯ್ದ ಮುಂಗಡದಲ್ಲಿ ಮುರಿದುಕೊಂಡದ್ದು ಎಷ್ಟು ಎಲ್ಲವೂ ಆ ತುಂಡು ಕಾಗದದಲ್ಲಿರುತ್ತದೆ. ಅದೇ ಲೆಕ್ಕ ಸಂಜೆ ಅಂಗಡಿಯ ಕಿರ್ದಿಗೆ ಏರುತ್ತದೆ. ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯಿಂದ ಬಂದ ರೈತ ಮುಖ ನೋಡಿ ನಂಬಿದ ದಲಾಲಿಯ ಮಾತಿನ ಮೇಲೆ ಮಾಲು ಇಳಿಸಿ ಹೋಗುತ್ತಾನೆ.

ಇಲ್ಲಿ ನಗದು ಪಾಪವಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯಬಾರದೆಂಬ ನಿಯಮ 2017ರ ಏಪ್ರಿಲ್‌ನಿಂದ ಇದೆ. ವರ್ಷಕ್ಕೆ ಕೋಟಿ ಮೀರಿ ನಗದು ತೆಗೆದರೆ ಬ್ಯಾಂಕಿನಲ್ಲೇ ತೆರಿಗೆ ಮುರಿಯುವ ಪದ್ಧತಿ 2019ರಲ್ಲಿ ಬಂತು. ಆದರೆ ಅದೇ ವರ್ಷ ಎಪಿಎಂಸಿ ದಲಾಲರು, ವರ್ತಕರು ರೈತರಿಗೆ ಪಾವತಿಸುವ ಹಣಕ್ಕೆ ವಿನಾಯಿತಿಯೂ ಬಂತು. ಒಳ್ಳೆಯದೇ ಆಯಿತು. ಮಾಲು ಮಾರಿ ಸಂಜೆಯ ಬಸ್ಸು ಹಿಡಿಯುವ ರೈತನಿಗೆ ಟ್ರ್ಯಾಕ್ಟರ್ ಬಾಡಿಗೆ, ಆಳಿನ ಪಗಾರ ಅಂದೇ ಕೊಡಬೇಕಿರುತ್ತದೆ. ದಿಲ್ಲಿಯಲ್ಲಿ ಕುಳಿತು ‘ನಗದು ಎಂದರೆ ಕಪ್ಪು’ ಎನ್ನುವವರು ಒಂದು ಗುರುವಾರ ಇಲ್ಲಿಗೆ ಬಂದು ಹೋಗಬೇಕು.

ಹವಾಲಾ ಬೆಳೆದದ್ದೂ ಇದೇ ನಂಬಿಕೆಯ ನೆಲದಲ್ಲಿ. ಬ್ಯಾಂಕುಗಳು ಬರುವ ಎಷ್ಟೋ ಮೊದಲು ವ್ಯಾಪಾರಿಗಳು ಹುಂಡಿ ಬರೆದು ಊರಿಂದೂರಿಗೆ ಹಣ ದಾಟಿಸುತ್ತಿದ್ದರು. ಅದು ಮರ್ಯಾದಸ್ಥ ವ್ಯವಹಾರ. ಹವಾಲಾ ಅದರ ಕದ್ದ ರೂಪ. ದುಬೈಯಲ್ಲಿ ಒಬ್ಬ ಅಂಗಡಿಯವನ ಕೈಗೆ ದಿರ್ಹಮ್ ಕೊಡುತ್ತಾನೆ. ಇಲ್ಲಿ ಇನ್ನೊಬ್ಬ ಅಂಗಡಿಯವನು ರೂಪಾಯಿ ಎಣಿಸುತ್ತಾನೆ. ಹಣ ಗಡಿ ದಾಟುವುದೇ ಇಲ್ಲ, ದಾಟುವುದು ಮಾತು. ಗುರುತಿಗೆ ಒಂದು ಹತ್ತು ರೂಪಾಯಿ ನೋಟಿನ ನಂಬರು. ಆ ನೋಟು ತೋರಿಸಿದವನಿಗೆ ಹಣ. ಅಂಗಡಿಯವರಿಬ್ಬರ ಬಾಕಿ ಮುಂದೆಂದೋ ಚಿನ್ನದಲ್ಲಿಯೋ, ಸರಕಿನ ಬಿಲ್ಲಿನಲ್ಲಿ ಬೆಲೆ ಏರಿಸಿಯೋ ಇಳಿಸಿಯೋ ಚುಕ್ತಾ ಆಗುತ್ತದೆ. ಕೊಲ್ಲಿಯಲ್ಲಿ ದುಡಿಯುವ ಬಡವನೊಬ್ಬ ತಾಯಿಯ ಔಷಧಿಗೆ ಕಳಿಸುವ ಹಣವೂ, ಬಾಂಬಿಗೆಂದು ಬರುವ ಹಣವೂ ಒಂದೇ ಅಂಗಡಿಯ ಮೂಲಕ ಬರುವುದರಿಂದಲೇ ಇದು ಕಗ್ಗಂಟು. ಕಾನೂನಿನ ಕಣ್ಣಿಗೆ ಎರಡೂ ಅಕ್ರಮವೇ, ಆದರೆ ಎರಡನ್ನೂ ಒಂದೇ ಕೋಲಿನಿಂದ ಹೊಡೆದರೆ ಎರಡನೆಯವನ ಬಗ್ಗೆ ಮಾಹಿತಿ ಕೊಡಬೇಕಾದ ಮೊದಲನೆಯವನು ಬಾಯಿ ಮುಚ್ಚಿಕೊಳ್ಳುತ್ತಾನೆ.

ನಮ್ಮ ದೇಶದಲ್ಲಿ ಹವಾಲಾ ಎಂಬ ಮಾತು ಮನೆಮಾತಾದದ್ದೇ ಭಯೋತ್ಪಾದನೆಯ ದುಡ್ಡಿನಿಂದ ಎಂಬುದು ಈಗ ಎಷ್ಟು ಜನರಿಗೆ ನೆನಪಿದೆಯೋ. 1991ರಲ್ಲಿ ದಿಲ್ಲಿಯಲ್ಲಿ ಕಾಶ್ಮೀರಿ ಉಗ್ರ ಸಂಘಟನೆಯೊಂದಕ್ಕೆ ಹಣ ಮುಟ್ಟಿಸುತ್ತಿದ್ದವರು ಸಿಕ್ಕಿಬಿದ್ದರು. ಅವರ ಜಾಡು ಹಿಡಿದು ಹೋದ ಸಿಬಿಐ ಹವಾಲಾ ದಲ್ಲಾಳಿಗಳನ್ನು ದಾಟಿ ಜೈನ್ ಸಹೋದರರ ಮನೆಯ ಡೈರಿಗಳ ಮುಂದೆ ಬಂದು ನಿಂತಿತು. ಡೈರಿಯಲ್ಲಿ ಮೊತ್ತ, ಪಕ್ಕದಲ್ಲಿ ಹೆಸರಿನ ಮೊದಲಕ್ಷರಗಳು. ಆ ಅಕ್ಷರಗಳು ದೊಡ್ಡ ದೊಡ್ಡ ರಾಜಕಾರಣಿಗಳವೆಂದು ಗೊತ್ತಾದದ್ದೇ ತಡ, ಇಡೀ ದೇಶ ಅತ್ತ ತಿರುಗಿತು. 1997ರ ಡಿಸೆಂಬರ್‌ನಲ್ಲಿ ವಿನೀತ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಿಬಿಐ ಸ್ವಾತಂತ್ರ್ಯದ ಬಗ್ಗೆ ಪ್ರಸಿದ್ಧ ತೀರ್ಪು ಕೊಟ್ಟಿತು. ಮರುವರ್ಷ ಮಾರ್ಚ್‌ನಲ್ಲಿ ಅದೇ ಕೋರ್ಟು, ಬಿಡಿ ಹಾಳೆಗಳು ಲೆಕ್ಕದ ಪುಸ್ತಕವಲ್ಲ, ಪುಸ್ತಕದಲ್ಲಿ ಬರೆದದ್ದಾದರೂ ಆ ಬರಹವೊಂದರಿಂದಲೇ ಇನ್ನೊಬ್ಬನನ್ನು ಹೊಣೆ ಮಾಡಲಾಗದು ಎಂದಿತು. ಆರೋಪಗಳು ಬಿದ್ದುಹೋದವು. ಕೇಸು ಎಲ್ಲಿಂದ ಶುರುವಾಯಿತೋ ಆ ಉಗ್ರರ ಹಣದ ಮಾತು ಈ ಗದ್ದಲದಲ್ಲಿ ಎಲ್ಲೋ ಕಳೆದುಹೋಯಿತು.

ಬ್ಯಾಡಗಿಯ ಹಳೆಯ ದಲಾಲರಿಗೆ ಈ ತೀರ್ಪಿನಲ್ಲಿ ಅಚ್ಚರಿಯೇನೂ ಕಾಣದು. ‘ನಿನ್ನ ಕಿರ್ದ್ಯಾಗ ನನ್ನ ಹೆಸರ ಬರದರ ನಾ ಸಾಲಗಾರ ಆಗ್ತೀನೇನೋ ತಮ್ಮಾ? ಪಟ್ಟಿ ತೋರ್ಸು, ಸಹಿ ತೋರ್ಸು’ ಎನ್ನುವುದು ಪೇಟೆಯ ದಿನನಿತ್ಯದ ಜಗಳ. ಹಣದ ತನಿಖೆಯ ಕಷ್ಟವೂ ಇಷ್ಟೇ. ಬರೆದದ್ದು ಸಿಕ್ಕರೆ ಸಾಲದು. ಕೊಟ್ಟ ಕೈ, ತೆಗೆದುಕೊಂಡ ಕೈ, ಯಾವುದಕ್ಕೆಂದು ಕೊಟ್ಟದ್ದು ಎಂಬ ಅರಿವು, ಮೂರೂ ಸಾಬೀತಾಗಬೇಕು.

ಕಾಡಿನ ಲೆಕ್ಕ

ದುಡ್ಡಿನ ದಾರಿ ಮುಚ್ಚುವ ವಿಷಯದಲ್ಲಿ ಕರ್ನಾಟಕ ಕೊಟ್ಟ ದೊಡ್ಡ ಬೆಲೆ ಕಾಡುಗಳ್ಳ ವೀರಪ್ಪನ್‌ನದು. ಆನೆ ದಂತ, ಆಮೇಲೆ ಗಂಧದ ಮರ. ಇವು ಅವನ ಬಂಡವಾಳ. ಗಂಧ ಅಷ್ಟೊಂದು ಕಳ್ಳಪೇಟೆಗೆ ಹೋಗಲು ಕಾರಣಗಳಲ್ಲಿ ಒಂದು ನಮ್ಮದೇ ಕಾನೂನು. ಟಿಪ್ಪುವಿನ ಕಾಲದಿಂದ ಗಂಧ ರಾಜವೃಕ್ಷ. ನನ್ನ ಹೊಲದಲ್ಲಿ ಬೆಳೆದರೂ ನನ್ನದಲ್ಲ, ಕಳವಾದರೆ ಮಾತ್ರ ಪೊಲೀಸರು ಬಂದು ಕೇಳುವುದು ನನ್ನನ್ನೇ. ಹೀಗಾಗಿ ರೈತ ಸಸಿ ಕಂಡರೆ ಕಿತ್ತು ಬಿಸಾಡುತ್ತಿದ್ದ, ಮಾಲು ಸಿಗುವುದು ಕಾಡಿನಿಂದ ಮಾತ್ರ, ಕಾಡು ವೀರಪ್ಪನ್‌ನದು. ಜಮೀನಿನ ಗಂಧದ ಒಡೆತನ ರೈತನಿಗೆ ಕೊಟ್ಟ ತಿದ್ದುಪಡಿ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಕಾಡಿನ ಗಂಧ ಬರಿದಾಗಿತ್ತು, ವೀರಪ್ಪನ್ ಹೊಸ ದಂಧೆ ಹಿಡಿದಿದ್ದ. ಮನುಷ್ಯರನ್ನು ಒಯ್ಯುವುದು.

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದಾಗ ಅವನ ಜೊತೆ ತಮಿಳು ಪ್ರತ್ಯೇಕತಾವಾದಿ ಗುಂಪಿನವರೂ ಇದ್ದರು. ಕಳ್ಳನ ಬೇಡಿಕೆ ಪಟ್ಟಿಗೆ ರಾಜಕೀಯದ ಬಣ್ಣ ಬಂತು. ಟಾಡಾ ಕೈದಿಗಳನ್ನು ಬಿಡಬೇಕು ಎಂಬುದೂ ಅದರಲ್ಲಿತ್ತು. ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರಗಳು ಬಿಡಲು ತಯಾರಾಗಿದ್ದವು. ಸುಪ್ರೀಂ ಕೋರ್ಟು ತಡೆಯಿತು. 108 ದಿನಗಳ ಮೇಲೆ, ನವೆಂಬರ್ 15ಕ್ಕೆ ಅಣ್ಣಾವ್ರು ಮರಳಿದರು. ಕೋಟಿಗಟ್ಟಲೆ ಒತ್ತೆಹಣ ಸಂದಾಯವಾಯಿತೆಂದು ಆಗಿನ ಪೊಲೀಸ್ ಮಹಾನಿರ್ದೇಶಕ ಸಿ. ದಿನಕರ್ ನಿವೃತ್ತಿಯ ನಂತರ ಪುಸ್ತಕ ಬರೆದು ಆರೋಪಿಸಿದರು, ಸರ್ಕಾರ ಅಲ್ಲಗಳೆಯಿತು. ಇಡೀ ಕನ್ನಡನಾಡು ಉಸಿರು ಬಿಗಿಹಿಡಿದು ಕುಳಿತಿದ್ದ ಆ ದಿನಗಳಲ್ಲಿ ಒತ್ತೆಹಣ ಕೊಡಬೇಡಿ ಎನ್ನುವ ಧೈರ್ಯ ಯಾರಿಗಿತ್ತು? ನನಗಂತೂ ಇರಲಿಲ್ಲ. ಆದರೆ ಎರಡೇ ವರ್ಷದಲ್ಲಿ, 2002ರ ಆಗಸ್ಟ್‌ನಲ್ಲಿ, ಮಾಜಿ ಸಚಿವ ಎಚ್. ನಾಗಪ್ಪನವರನ್ನು ಅವನು ಒಯ್ದ. ಅವರು ಡಿಸೆಂಬರ್‌ನಲ್ಲಿ ಹೆಣವಾಗಿ ಸಿಕ್ಕರು. ದುಡ್ಡು ಕೊಟ್ಟರೆ ದಂಧೆ ನಿಲ್ಲುವುದಿಲ್ಲ.

ಪುಂಡುಗಂದಾಯದ ಬುದ್ಧಿ ಈ ಕಾಡಿನಲ್ಲೂ ಬೇರೆ ವೇಷದಲ್ಲಿ ಬಂದಿತ್ತು. ವೀರಪ್ಪನ್‌ಗೆ ಅಕ್ಕಿ ಕೊಟ್ಟರು, ಸುದ್ದಿ ಕೊಟ್ಟರು ಎಂಬ ಗುಮಾನಿಯ ಮೇಲೆ ಮಲೆಮಹದೇಶ್ವರ ಬೆಟ್ಟದ ಸುತ್ತಿನ ಸೋಲಿಗರನ್ನು, ತಮಿಳು ಹಳ್ಳಿಗರನ್ನು ಪೊಲೀಸ್ ವಿಶೇಷ ಕಾರ್ಯಪಡೆಯವರು ಎಳೆದೊಯ್ದರು. ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಅಲ್ಲಿ ನಡೆದ ಹಿಂಸೆಯನ್ನು ದಾಖಲಿಸಿತು. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಹೇಳಿತು. ಗಡಿಯಾಚೆ ಧರ್ಮಪುರಿಯ ವಾಚಾತಿಯಲ್ಲಿ ಗಂಧ ಬಚ್ಚಿಟ್ಟಿದ್ದಾರೆಂದು 1992ರ ಜೂನ್‌ನಲ್ಲಿ ಊರಿಗೆ ನುಗ್ಗಿದ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಬದುಕಿದ್ದ 215 ಆರೋಪಿಗಳಿಗೆ ಶಿಕ್ಷೆಯಾಗಲು 2011ರವರೆಗೆ ಕಾಯಬೇಕಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ಆದರೂ ವೀರಪ್ಪನ್ ಸಿಕ್ಕಿದ್ದು ಈ ಹಿಂಸೆಯಿಂದಲ್ಲ. ಗುಂಪು ಸೊರಗಿ, ಕಣ್ಣು ಮಂಜಾಗಿ, ಚಿಕಿತ್ಸೆಗೆಂದು ಹೊರಬಂದವನನ್ನು ತಮಿಳುನಾಡು ಕಾರ್ಯಪಡೆ ತನ್ನದೇ ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ಬಂದು 2004ರ ಅಕ್ಟೋಬರ್ 18ರಂದು ಕೊಂದಿತು. ಒಳಗಿನ ಸುದ್ದಿ ಮಾಡಿದ ಕೆಲಸ ಅದು.

ಈಗಿನ ಮಾತಿಗೆ ಬರೋಣ. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದು ಒಂಬತ್ತು ಮಂದಿ ಗಾಯಗೊಂಡರು. ಆ ಸೆಪ್ಟೆಂಬರ್‌ನಲ್ಲಿ ನಾಲ್ವರ ಮೇಲೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಎನ್‌ಐಎ ಹೇಳಿದ್ದು ಇದು: ಆರೋಪಿಗಳಿಗೆ ಹಣ ಬಂದದ್ದು ಕ್ರಿಪ್ಟೊ ಕರೆನ್ಸಿಯಲ್ಲಿ, ಅದನ್ನು ಟೆಲಿಗ್ರಾಂ ಮೂಲಕ ಸಿಕ್ಕವರ ಜೊತೆ ಅದಲುಬದಲು ಮಾಡಿ ರೂಪಾಯಿ ಮಾಡಿಕೊಂಡರು, ಮೋಸದಿಂದ ಪಡೆದ ಸಿಮ್‌ಗಳನ್ನೂ ಬ್ಯಾಂಕ್ ಖಾತೆಗಳನ್ನೂ ಬಳಸಿದರು. ಇದು ತನಿಖಾ ಸಂಸ್ಥೆಯ ಆರೋಪ, ತೀರ್ಮಾನ ಕೋರ್ಟಿನದು. ಕ್ರಿಪ್ಟೊ ಎಂದರೆ ಹೊಸ ಕಾಲದ ಹತ್ತು ರೂಪಾಯಿ ನೋಟಿನ ನಂಬರು ಎಂದುಕೊಳ್ಳಿ. ಆದರೆ ಒಂದು ವ್ಯತ್ಯಾಸವಿದೆ. ಹವಾಲಾ ಅಂಗಡಿಯವನು ಚೀಟಿ ಹರಿದು ಎಸೆಯಬಹುದು, ಕ್ರಿಪ್ಟೊ ವ್ಯವಹಾರದ ನಮೂದನ್ನು ಯಾರೂ ಅಳಿಸಲಾರರು. ಹೆಸರು ಇರುವುದಿಲ್ಲ ಅಷ್ಟೆ. ಅದು ರೂಪಾಯಿ ಆಗಿ ಯಾವುದೋ ಒಂದು ಖಾತೆಗೆ ಇಳಿಯಲೇಬೇಕು. ಇಳಿದ ಕಡೆ ಹೆಸರು ಸಿಗುತ್ತದೆ. ಅದಕ್ಕೇ 2023ರ ಮಾರ್ಚ್‌ನಲ್ಲಿ ಕ್ರಿಪ್ಟೊ ವಿನಿಮಯ ಕೇಂದ್ರಗಳನ್ನೂ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ತಂದು, ಗ್ರಾಹಕರ ಗುರುತು ಇಟ್ಟುಕೊಳ್ಳಬೇಕು, ಶಂಕಾಸ್ಪದ ವ್ಯವಹಾರ ಕಂಡರೆ ತಿಳಿಸಬೇಕು ಎಂದು ಮಾಡಿದರು.

ತಿಳಿಸಬೇಕಾದದ್ದು ಯಾರಿಗೆ? 2004ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಹಣಕಾಸು ಗುಪ್ತಚರ ಘಟಕಕ್ಕೆ. ಬ್ಯಾಡಗಿಯ ಬ್ಯಾಂಕ್ ಶಾಖೆಯಲ್ಲಿ 10 ಲಕ್ಷ ಮೀರಿದ ನಗದು ವ್ಯವಹಾರವಾದರೆ ಅದರ ವರದಿ ಅಲ್ಲಿಗೆ ಹೋಗುತ್ತದೆ. ಮೊತ್ತ ಎಷ್ಟೇ ಸಣ್ಣದಿರಲಿ, ಅನುಮಾನ ಬಂದರೆ ಅದೂ ಹೋಗುತ್ತದೆ. ಇಲ್ಲಿ ಕೌಂಟರಿನ ಹಿಂದೆ ಕುಳಿತವರ ಊರಿನ ತಿಳಿವಳಿಕೆ ಕಂಪ್ಯೂಟರಿಗಿಂತ ಹೆಚ್ಚು ಬೆಲೆಬಾಳುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ದಲಾಲಿ ಅಂಗಡಿಯ ಖಾತೆಯಲ್ಲಿ ಲಕ್ಷಗಳು ಹರಿದರೆ ಅದು ಸುಗ್ಗಿ. ಜುಲೈ ತಿಂಗಳಲ್ಲಿ ಕೆಲಸವಿಲ್ಲದ ಹುಡುಗನ ಖಾತೆಗೆ ಹತ್ತಾರು ರಾಜ್ಯಗಳಿಂದ ಹಣ ಬಂದು ಗಂಟೆಯೊಳಗೆ ಖಾಲಿಯಾದರೆ? ದೂರದ ಯಂತ್ರ ಮೊದಲನೆಯದಕ್ಕೆ ಗಂಟೆ ಬಾರಿಸಬಹುದು, ಶಾಖೆಯ ಕ್ಯಾಷಿಯರಿಗೆ ಎರಡನೆಯದೇ ಕಣ್ಣಿಗೆ ಬೀಳುತ್ತದೆ.

ಇನ್ನು ಕಾನೂನಿನ ಬಲ. 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೆ 2004ರಲ್ಲಿ ಭಯೋತ್ಪಾದನೆ ಸೇರಿತು. ಅದರ 17ನೇ ಕಲಮಿನ ಪ್ರಕಾರ ಭಯೋತ್ಪಾದನೆಗೆ ಹಣ ಕೂಡಿಸಿದವನಿಗೆ ಕನಿಷ್ಠ 5 ವರ್ಷ, ಹೆಚ್ಚೆಂದರೆ ಜೀವಾವಧಿ; ಕೃತ್ಯ ನಡೆಯದಿದ್ದರೂ ಸರಿ, ಸಂಗ್ರಹಿಸಿದ್ದೇ ಅಪರಾಧ. 2013ರಿಂದ ಉತ್ತಮ ಗುಣಮಟ್ಟದ ಖೋಟಾ ನೋಟು ಚಲಾವಣೆಯೂ ಇದರೊಳಗೆ ಬಂತು. ನಗದಿನ ಪೇಟೆಗಳಿರುವ ನಮ್ಮಂಥ ಊರುಗಳಿಗೆ ಇದು ನೇರ ಸಂಬಂಧ. ಚಿಕ್ಕೋಡಿಯಂಥ ಊರಿನ ಖೋಟಾ ನೋಟು ಪ್ರಕರಣವನ್ನೂ ಎನ್‌ಐಎ ಕೈಗೆತ್ತಿಕೊಂಡದ್ದುಂಟು. 2022ರ ಜೂನ್‌ನಲ್ಲಿ ಜಾರಿ ನಿರ್ದೇಶನಾಲಯ ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾ (ಪಿಎಫ್‌ಐ) ಮತ್ತು ಅದರ ಜೊತೆಯ ಪ್ರತಿಷ್ಠಾನದ 33 ಖಾತೆಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಸೆಪ್ಟೆಂಬರ್ 28ಕ್ಕೆ ಸಂಘಟನೆಯ ಮೇಲೆ ಐದು ವರ್ಷದ ನಿಷೇಧ ಬಂತು, ಮರುವರ್ಷ ನ್ಯಾಯಮಂಡಳಿ ಅದನ್ನು ಖಾಯಂ ಮಾಡಿತು. ದೇಣಿಗೆಯೆಂದು ತೋರಿಸಿದ ನಗದು ನಿಜಕ್ಕೂ ಎಲ್ಲಿಂದ ಬಂತು ಎಂಬುದೇ ಅಲ್ಲಿನ ಮುಖ್ಯ ಆರೋಪ.

ಈ ಕಾಯ್ದೆಯ ಬಗ್ಗೆ ನನ್ನ ತಕರಾರು ಶಿಕ್ಷೆಯ ಬಗ್ಗೆ ಅಲ್ಲ, ವಿಳಂಬದ ಬಗ್ಗೆ. ಜಾಮೀನು ಸಿಗುವುದೇ ಕಷ್ಟ. ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ. ತಪ್ಪಿತಸ್ಥನಾದರೆ ಶಿಕ್ಷೆ ತಡವಾಯಿತು, ನಿರಪರಾಧಿಯಾದರೆ ಜೀವನವೇ ಹೋಯಿತು. ಇದು ನನ್ನೊಬ್ಬನ ಮಾತಲ್ಲ. ಹಣ ಅಕ್ರಮ ವರ್ಗಾವಣೆ ಮತ್ತು ಉಗ್ರರ ಹಣದ ಮೇಲೆ ಜಗತ್ತಿನಾದ್ಯಂತ ಕಣ್ಣಿಡುವ ಎಫ್‌ಎಟಿಎಫ್ ಎಂಬ ಸಂಸ್ಥೆ ಇದೆ. 1989ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು, ಭಾರತ 2010ರಿಂದ ಸದಸ್ಯ. ಪಾಕಿಸ್ತಾನವನ್ನು 2018ರಿಂದ 2022ರವರೆಗೆ ಬೂದುಪಟ್ಟಿಯಲ್ಲಿಟ್ಟು ಬೆವರಿಳಿಸಿದ್ದು ಇದೇ. 2024ರಲ್ಲಿ ಬಂದ ಅದರ ವರದಿ ಭಾರತಕ್ಕೆ ಒಳ್ಳೆಯ ಅಂಕ ಕೊಟ್ಟಿತು, ಜೊತೆಗೆ ಎರಡು ಕೊರತೆ ಎತ್ತಿ ತೋರಿಸಿತು. ಒಂದು, ಪ್ರಕರಣಗಳ ವಿಚಾರಣೆ ಮುಗಿಯುತ್ತಿಲ್ಲ. ಇನ್ನೊಂದು, ಸೇವಾ ಸಂಸ್ಥೆಗಳ ಮೇಲಿನ ನಿಗಾ ಎಲ್ಲಿ ಅಪಾಯವಿದೆಯೋ ಅಲ್ಲಿಗೆ ತಕ್ಕಂತೆ ಇರಬೇಕು. ಅನಾಥಾಲಯ, ದಾಸೋಹ, ಶಾಲೆ ನಡೆಸುವವರನ್ನೆಲ್ಲ ಒಂದೇ ಗುಮಾನಿಯಿಂದ ನೋಡಿದರೆ ನಿಜವಾದ ಕಳ್ಳ ಆ ಗುಂಪಿನಲ್ಲೇ ತಪ್ಪಿಸಿಕೊಳ್ಳುತ್ತಾನೆ ಎಂದು ನಾನು ಅದನ್ನು ಓದಿಕೊಂಡೆ.

ಅಮೆರಿಕವೂ ಇದರಲ್ಲಿ ಎಡವಿದೆ. 2001ರ ನವೆಂಬರ್‌ನಲ್ಲಿ ಸೊಮಾಲಿಯಾದ ಅಲ್ ಬರಕಾತ್ ಎಂಬ ಹಣ ರವಾನೆ ಸಂಸ್ಥೆಯನ್ನು ಉಗ್ರರ ಖಜಾನೆ ಎಂದು ಒಂದೇ ದಿನ ಮುಚ್ಚಿಸಿದರು. ಬ್ಯಾಂಕೇ ಇಲ್ಲದ ಆ ದೇಶದಲ್ಲಿ ಹೊರನಾಡಿನ ಮಕ್ಕಳು ಕಳಿಸುತ್ತಿದ್ದ ಹಣವೇ ಸಾವಿರಾರು ಮನೆಗಳ ಒಲೆ ಉರಿಸುತ್ತಿತ್ತು. ಆಮೇಲೆ ಅಮೆರಿಕದ ಆಯೋಗದ ಸಿಬ್ಬಂದಿಯೇ ಕೂತು ಪರಿಶೀಲಿಸಿದಾಗ ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಪಟ್ಟಿಯಿಂದ ಹೆಸರು ತೆಗೆಯುವ ಹೊತ್ತಿಗೆ ಹಲವು ವರ್ಷ ಕಳೆದಿದ್ದವು.

ನಮ್ಮ ಸೀಮೆಗೆ ಉಗ್ರರ ಹಣದ ಪಿಡುಗು ಕಾಲಿಡಬಹುದಾದ ದಾರಿ ಯಾವುದು ಎಂದು ಕೇಳಿದರೆ ನಾನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಾಲೇಜು ಹುಡುಗರ ಬ್ಯಾಂಕ್ ಖಾತೆಗಳತ್ತ ಬೆರಳು ತೋರಿಸುತ್ತೇನೆ. ಹೀಗೆ ಊಹಿಸಿಕೊಳ್ಳಿ. ಬಿ.ಕಾಂ. ಓದುವ ಒಬ್ಬ ಹುಡುಗನಿಗೆ ಗೆಳೆಯನ ಗೆಳೆಯನೊಬ್ಬ ಹೇಳುತ್ತಾನೆ: ‘ಅಕೌಂಟ್ ತೆಗೀ ದೋಸ್ತ, ಎಟಿಎಂ ಕಾರ್ಡು, ಸಿಮ್ಮು ನನಗ ಕೊಡು, ತಿಂಗಳಾ ರೊಕ್ಕ ಬರ್ತೈತಿ. ನೀ ಏನೂ ಮಾಡೂದು ಬ್ಯಾಡ.’ ಹುಡುಗನಿಗೆ ಫೀಸಿನ ಚಿಂತೆ. ಕೊಟ್ಟುಬಿಡುತ್ತಾನೆ. ಆ ಖಾತೆಯಲ್ಲಿ ಹರಿಯುವುದು ಬಹುಪಾಲು ಆನ್‌ಲೈನ್ ವಂಚನೆಯ ಹಣ. ಆದರೆ ಅದೇ ಬಾಡಿಗೆ ಖಾತೆಗೆ ನಾಳೆ ಬಾಂಬಿನವನ ಹಣ ಬಂದರೂ ಹುಡುಗನಿಗೆ ತಿಳಿಯುವುದಿಲ್ಲ. ಪೊಲೀಸರು ಹುಡುಕಿಕೊಂಡು ಬರುವುದು ಮಾತ್ರ ಪಾಸ್‌ಬುಕ್ಕಿನಲ್ಲಿರುವ ಹೆಸರು ಮತ್ತು ವಿಳಾಸಕ್ಕೆ, ಅಂದರೆ ಅವನ ತಂದೆ ತಾಯಿಯ ಮನೆಗೆ.

ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಹೆಸರಿನಲ್ಲಿ ಎಷ್ಟು ಖಾತೆ, ಎಷ್ಟು ಸಿಮ್ ಇವೆ ಎಂದು ಈ ವಾರವೇ ಕೂರಿಸಿಕೊಂಡು ಕೇಳಿ. ಕಾರ್ಡು, ಪಾಸ್‌ಬುಕ್ಕು, ಸಿಮ್ ಬೇರೆಯವರ ಕೈಯಲ್ಲಿದ್ದರೆ ಬ್ಯಾಂಕಿಗೆ ಹೋಗಿ ಖಾತೆ ನಿಲ್ಲಿಸಿ, ಹತ್ತಿರದ ಠಾಣೆಗೆ ತಿಳಿಸಿ. ಸೈಬರ್ ವಂಚನೆಯ ದೂರಿಗೆ 1930 ಎಂಬ ಸಹಾಯವಾಣಿ ಇದೆ, ಕರೆಗೆ ದುಡ್ಡಿಲ್ಲ.